ಟ್ಯಾಂಕಿಗೆ ಕಟ್ಟಿದ ಬೆಳ್ಳಿ ಗೆಜ್ಜೆ

ಬಾಟಲಿ ಆಟೋದಲ್ಲೇ ಒಡೆದು ನನ್ನ ಪ್ಯಾಂಟು ತೂತಾಗಬಹುದಿತ್ತು. ಬಂದೂಕಿನ ಅಂಗಡಿಯಿಂದ ಹೊರಬರುವಾಗ ಪೊಲೀಸಿನವರು ಹಿಡಿದು ‘ಬಂದೂಕೆಲ್ಲಿ?’ ಎನ್ನಬಹುದಿತ್ತು, ಬಂದೂಕಿಲ್ಲ ಸ್ವಾಮಿ, ಬಂದೂಕಿಗೆ ಬಳಿಯುವ ಕಪ್ಪು ಮಾತ್ರ ಇದೆ ಎಂದರೆ ನಂಬದಿರಬಹುದಿತ್ತು. ಮನೆಯಲ್ಲಿ ಯಾರಾದರೂ ಅದನ್ನು ಕೆಮ್ಮಿನ ಔಷಧಿಯೆಂದು ಎರಡು ಚಮಚ ಕುಡಿಯಬಹುದಿತ್ತು. ಅದರ ಘಾಟಿಗೆ ಗವಿಪುರದ ಗಿಳಿಗಳು ಮರದಿಂದ ಪಟಪಟನೆ ಉದುರಬಹುದಿತ್ತು. ಟ್ಯಾಂಕಿನ ಟ್ರ್ಯಾಕು ಕಪ್ಪಾಗುವ ಬದಲು ಹಸಿರಾಗಬಹುದಿತ್ತು, ಇಲ್ಲವೇ ಕಾಫಿಗೆ ಬಿದ್ದ ಸಕ್ಕರೆಯಂತೆ ಕರಗಿ ಮಾಯವಾಗಬಹುದಿತ್ತು. ಇವೆಲ್ಲವನ್ನೂ ನಾನು ಮೊದಲೇ ಯೋಚಿಸಿ, ಒಂದೊಂದಕ್ಕೂ ಪರಿಹಾರ ಹುಡುಕಿಟ್ಟುಕೊಂಡಿದ್ದೆ. ಒಂದೂ ಆಗಲಿಲ್ಲ. ಪರಿಹಾರಗಳೆಲ್ಲ ದಂಡವಾದವಲ್ಲ ಎಂಬುದೇ ಆಮೇಲೆ ಒಂದು ಹೊಸ ಚಿಂತೆಯಾಯಿತು.

ನನ್ನದು ವಿಮಾ ಕಚೇರಿಯ ಕೆಲಸ. ಏನೇನು ಕೆಡಬಹುದು ಎಂದು ಯೋಚಿಸುವುದಕ್ಕೇ ಅಲ್ಲಿ ಸಂಬಳ ಕೊಡುತ್ತಾರೆ. ಮನೆಗೆ ಬಂದಮೇಲೆ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತೇನೆ. ನನ್ನ ರಕ್ತದೊತ್ತಡ ನೋಡಿದ ಡಾಕ್ಟರು, “ಕೈಗೇನಾದ್ರೂ ಕೆಲ್ಸ ಕೊಡಿ ಸಾರ್, ತಲೆಗೆ ಸ್ವಲ್ಪ ರಜಾ ಸಿಗ್ಲಿ” ಎಂದರು. ಬೇರೆಯವರಾಗಿದ್ದರೆ ಗುಲಾಬಿ ಬೆಳೆಸುತ್ತಿದ್ದರು. ನಾನು ಮನಶ್ಶಾಂತಿಗಾಗಿ ಯುದ್ಧದ ಟ್ಯಾಂಕು ಕಟ್ಟಲು ಕೂತೆ. ಮೊಳಕ್ಕಿಂತ ಚಿಕ್ಕ ಟ್ಯಾಂಕು, ಮೈಯೆಲ್ಲ ಪ್ಲಾಸ್ಟಿಕ್ಕು. ಆದರೆ ಚಕ್ರಗಳ ಸುತ್ತ ಸುತ್ತಿಕೊಳ್ಳುವ ಆ ಉದ್ದನೆಯ ಪಟ್ಟಿ, ಅಂದರೆ ಟ್ರ್ಯಾಕು, ಅದು ಮಾತ್ರ ಅಸಲಿ ಲೋಹದ್ದೇ ಬೇಕೆಂದು ಹಟ ಹಿಡಿದೆ. ಕಡಲೆಬೇಳೆಯಷ್ಟು ದೊಡ್ಡ ಕೊಂಡಿಗಳನ್ನು ಒಂದಕ್ಕೊಂದು ತಂತಿ ಪೋಣಿಸಿ ಕಟ್ಟಿದೆ. ಕಟ್ಟಿ ಮುಗಿದಾಗ ಅದು ಫಳಫಳ ಹೊಳೆಯಿತು. ನಾನೂ ಹೊಳೆದೆ.

ಆ ಹೊಳಪಿನಲ್ಲೇ ಅದನ್ನು ಮಲ್ಲೇಶ್ವರಕ್ಕೆ ಒಯ್ದೆ. ಅಲ್ಲಿನ ಒಂದು ಸಭಾಂಗಣದಲ್ಲಿ ನಮ್ಮಂಥ ನರೆಗೂದಲಿನ ಮಕ್ಕಳು ವರ್ಷಕ್ಕೊಮ್ಮೆ ಸೇರಿ ತಮ್ಮ ತಮ್ಮ ವಿಮಾನ, ಹಡಗು, ಟ್ಯಾಂಕುಗಳನ್ನು ಮೇಜಿನ ಮೇಲಿಟ್ಟು ಪರಸ್ಪರ ಹೊಟ್ಟೆಕಿಚ್ಚುಪಡುವ ಪದ್ಧತಿಯಿದೆ. ನನ್ನ ಕಾಲೇಜಿನ ಗೆಳೆಯ ರಂಗನಾಥ ಅಲ್ಲಿಯ ಸ್ವಯಂಘೋಷಿತ ನ್ಯಾಯಾಧೀಶ. ಕನ್ನಡಕ ಹಣೆಗೇರಿಸಿ, ಬಗ್ಗಿ, ಎಲ್ಲರಿಗೂ ಕೇಳುವಂತೆ ಅಂದ: “ಇದೇನ್ ಗುರು, ಯುದ್ಧಕ್ಕೆ ಹೊರಟಿದ್ಯೋ ಭರತನಾಟ್ಯಕ್ಕೋ? ಟ್ಯಾಂಕಿಗೆ ಬೆಳ್ಳಿ ಗೆಜ್ಜೆ ಕಟ್ಟಿದೀಯ!”

ಸಭಾಂಗಣ ನಕ್ಕಿತು. ಆ ವರ್ಷವಿಡೀ ಅವನು ಫೋನು ಮಾಡಿದಾಗಲೆಲ್ಲ “ಗೆಜ್ಜೆ ಹೇಗಿದೆ?” ಎಂದೇ ಮಾತು ಶುರು ಮಾಡುತ್ತಿದ್ದ. ಮುಂದಿನ ಪ್ರದರ್ಶನದಲ್ಲಿ ರಂಗನ ಬಾಯಿಂದ ಆ ಪದ ಬರಕೂಡದು. ಬದುಕಿನಲ್ಲಿ ನನಗೆ ಉಳಿದಿದ್ದ ಆಸೆ ಅದೊಂದೇ ಎಂಬಂತಾಯಿತು.

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದೇ ಸಂಕಟ. ನಿಜವಾದ ಟ್ಯಾಂಕಿನ ಟ್ರ್ಯಾಕು ಕೆಸರು, ತುಕ್ಕು, ಎಣ್ಣೆ ಕುಡಿದು ಕಪ್ಪಾಗಿರುತ್ತದೆ. ನೆಲಕ್ಕೆ ಉಜ್ಜುವ ಅಂಚು ಮಾತ್ರ ಮಿನುಗುತ್ತದೆ. ಬಣ್ಣ ಬಳಿದರೆ ಕೊಂಡಿಗೆ ಕೊಂಡಿ ತಿಕ್ಕಿ ಚಕ್ಕೆ ಏಳುತ್ತದೆ. ಗಾಂಧಿಬಜಾರಿನ ಸೈಬರ್ ಕೆಫೆಯಲ್ಲಿ ಕೂತು ಓದಿ ತಿಳಿದುಕೊಂಡೆ: ಬಂದೂಕಿನ ನಳಿಗೆ ಕಪ್ಪು ಮಾಡುವ ದ್ರಾವಣದಲ್ಲಿ ಅದ್ದಿದರೆ ಲೋಹ ತಾನೇ ತಾನಾಗಿ ಕಪ್ಪಾಗುತ್ತದಂತೆ.

ಆದರೆ ನೀವೇ ಯೋಚಿಸಿ, ಲೋಹವನ್ನು ಕಪ್ಪು ಮಾಡುವುದಕ್ಕೆ ಬಸವನಗುಡಿ ಸೀಮೆಯಷ್ಟು ಅಯೋಗ್ಯವಾದ ಜಾಗ ಇನ್ನೊಂದಿದೆಯೇ? ಇಲ್ಲಿ ಬಾಗಿಲ ಚಿಲಕ ಹೊಳೆಯಬೇಕು, ದೀಪದ ಕಂಬ ಹೊಳೆಯಬೇಕು, ಬಚ್ಚಲ ಹಂಡೆ ಕೂಡ ಮುಖ ಕಾಣುವಂತೆ ಹೊಳೆಯಬೇಕು. ನಮ್ಮಲ್ಲಿ ಕಪ್ಪಿಗೆ ಇರುವ ಮರ್ಯಾದೆಯ ಜಾಗಗಳು ಬೆರಳೆಣಿಕೆಯವು: ದೇವರ ಕಲ್ಲು, ಕರಿಮಣಿ, ಮತ್ತೆ ಮಗುವಿನ ಕೆನ್ನೆಯ ದೃಷ್ಟಿಬೊಟ್ಟು. ಚೆಂದವಾಗಿರುವುದನ್ನು ಕಾಪಾಡುವುದಕ್ಕೆ ಒಂದು ಚುಕ್ಕಿ ಕಪ್ಪು ಸಾಕು ಎಂದು ಹಿರಿಯರು ಕಂಡುಕೊಂಡಿದ್ದರು. ನಾನು ಬಂದೂಕಿನ ಅಂಗಡಿಯಿಂದ ಇಡೀ ಒಂದು ಬಾಟಲಿ ತಂದೆ.

ಪ್ರದರ್ಶನದ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಹಿತ್ತಲಲ್ಲಿ ಕಾರ್ಯಕ್ರಮ. ಮೈಗೆ ರೇನ್‌ಕೋಟು, ಕೈಗೆ ರಬ್ಬರ್ ಗ್ಲೌಸು, ಕಣ್ಣಿಗೆ ಮಗಳ ಈಜುಕನ್ನಡಕ, ಮೂಗಿಗೆ ಒದ್ದೆ ಟವೆಲು. ಕಾಂಪೌಂಡಿನಾಚೆಯಿಂದ ಪಕ್ಕದ ಮನೆಯ ಪದ್ಮಮ್ಮ ಇಣುಕಿ, “ಏನ್ರೀ, ಜೇನು ಕೀಳ್ತಿದೀರಾ? ಸಿಕ್ರೆ ನಮಗೂ ಒಂಚೂರು ಕೊಡಿ” ಎಂದರು. ಹಳೆಯ ಉಪ್ಪಿನಕಾಯಿ ಬಾಟಲಿಯಲ್ಲಿ ದ್ರಾವಣ ಸುರಿದು ಟ್ರ್ಯಾಕು ಇಳಿಬಿಟ್ಟೆ. ಘಾಟಿಲ್ಲ, ಹೊಗೆಯಿಲ್ಲ, ಗಿಳಿಗಳು ಮರದಲ್ಲೇ ಕೂತು ಬೈಯುತ್ತಿದ್ದವು. ಟ್ರ್ಯಾಕು ಮೊದಲು ಮಂಕಾಯಿತು, ಆಮೇಲೆ ಬೂದು, ಆಮೇಲೆ ಸುಟ್ಟ ಬದನೆಕಾಯಿಯಂಥ ಸೊಗಸಾದ ಕಪ್ಪು. ಮೂರು ನೀರಿನಲ್ಲಿ ತೊಳೆದು, ಪತ್ರಿಕೆಯ ಮೇಲೆ ಹರಡಿ, ಹಿತ್ತಲ ಕಟ್ಟೆಯ ನೆರಳಲ್ಲಿ ಒಣಗಲು ಇಟ್ಟೆ. ಉಳಿದ ದ್ರಾವಣ ಮನೆಯಲ್ಲಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಆಗಲೇ ಆಟೋ ಹತ್ತಿ ಅದನ್ನು ಅಂಗಡಿಗೇ ವಾಪಸು ಕೊಟ್ಟು ಬಂದೆ. ಅಪಾಯ ಮನೆ ಬಿಟ್ಟು ಹೋಯಿತೆಂದು ವಿ.ವಿ. ಪುರದಲ್ಲಿ ಇಳಿದು ಒಂದು ಬಿಸಿ ಹೋಳಿಗೆಯನ್ನೂ ತಿಂದೆ.

ಮನೆಗೆ ಬಂದರೆ ನಮ್ಮ ಅತ್ತೆ, ಹೆಂಡತಿ ವತ್ಸಲೆಯ ತಾಯಿ, ದಸರೆಗೆಂದು ಚಾಮರಾಜಪೇಟೆಯಿಂದ ಬಂದು ಹಿತ್ತಲಲ್ಲಿ ಕೂತಿದ್ದಾರೆ. ಎದುರಿಗೆ ದೇವರ ಪಾತ್ರೆಗಳ ಸಾಲು, ಎಲ್ಲ ಸೂರ್ಯನಂತೆ ಬೆಳಗುತ್ತಿವೆ. ಸಾಲಿನ ಕೊನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಳಗುತ್ತಿದ್ದದ್ದು ನನ್ನ ಟ್ರ್ಯಾಕು.

“ಅಳಿಯಂದ್ರೇ, ನಿಮ್ ಗಾಡಿ ಚೈನು ನೋಡಿ! ಎಂಥಾ ಕಿಲುಬು ಹತ್ತಿತ್ತು ಅಂತೀರಿ! ಹುಣಸೆಹಣ್ಣಿಗೆ ಬಗ್ಗಲೇ ಇಲ್ಲ. ವಿಭೂತಿ ಹಾಕಿ ಹಳೇ ಬ್ರಷ್‌ನಲ್ಲಿ ಉಜ್ಜಿದ್ಮೇಲೆ ದಾರಿಗೆ ಬಂತು.”

ಬಾಗಿಲಲ್ಲಿ ನಿಂತಿದ್ದ ವತ್ಸಲೆ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಅತ್ತೆ ಮುಂದುವರಿಸಿದರು: “ಆಯುಧಪೂಜೆ ಬಂತಲ್ಲ. ಆಟದ್ದಾದ್ರೇನು, ಆಯುಧ ಆಯುಧವೇ. ಅದೂ ಗಾಡಿ ಬೇರೆ. ಕರ್ರಗೆ ಬಿಟ್ರೆ ಮನೆಗೆ ಒಳ್ಳೇದಲ್ಲ.”

ನನ್ನೊಳಗಿನ ಟ್ಯಾಂಕು ಗುಂಡು ತುಂಬಿಕೊಂಡಿತು. ಆದರೆ ಅಳಿಯನಾದವನು ಅತ್ತೆಯ ಎದುರು ಹಾರಿಸಬಹುದಾದ ಗುಂಡು ಇನ್ನೂ ತಯಾರಾಗಿಲ್ಲ. “ತುಂಬಾ ಶ್ರಮ ತಗೊಂಡ್ರಿ ಅತ್ತೆ” ಎಂದೆ.

“ಅಯ್ಯೋ, ಅದೇನ್ ಮಹಾ. ವಾರಕ್ಕೊಂದ್ಸಲ ಉಜ್ಜಿ, ಸಾಕು.”

ಓಡಿಹೋಗಿ ಬಂದೂಕಿನ ಅಂಗಡಿಗೆ ಫೋನು ಮಾಡಿದೆ. “ಪೂಜೆಗೆ ಎಲ್ಲಾ ಪಾಲಿಶ್ ಹೊಡೀತಿದೀವಿ ಸಾರ್. ಹಬ್ಬ ಆದ್ಮೇಲೆ ಬನ್ನಿ” ಎಂದರು. ಊರಿಗೆ ಊರೇ ಉಜ್ಜುತ್ತಿತ್ತು.

ಭಾನುವಾರ ಬೆಳಿಗ್ಗೆ ಟ್ಯಾಂಕನ್ನು ಪೆಟ್ಟಿಗೆಗೆ ಇಳಿಸುವಾಗ ಅತ್ತೆ ತಡೆದರು. “ನಾಲ್ಕು ಜನರ ಕಣ್ಣು ಬೀಳೋ ಜಾಗ” ಎಂದು, ತಮ್ಮ ಕಾಡಿಗೆ ಡಬ್ಬಿಗೆ ಬೆರಳದ್ದಿ ಫಿರಂಗಿಯ ನಳಿಗೆಗೆ ದುಂಡಗೆ ಒಂದು ಬೊಟ್ಟಿಟ್ಟರು. ಅವರೆದುರು ಒರೆಸುವಂತಿರಲಿಲ್ಲ. ದಾರಿಯಲ್ಲಿ ಒರೆಸುವ ಮನಸ್ಸಾಗಲಿಲ್ಲ.

ಮಲ್ಲೇಶ್ವರದಲ್ಲಿ ರಂಗ ಬಂದ. ಕನ್ನಡಕ ಹಣೆಗೇರಿತು. “ಗೆಜ್ಜೆಗೆ ಪಾಲಿಶ್ ಬೇರೆ ಹಾಕ್ಸಿದ್ಯಲ್ಲೋ!” ಎಂದ. ಸಭಾಂಗಣ ನಗುವುದಕ್ಕೆ ಬಾಯಿ ತೆರೆದಿತ್ತು. ಅಷ್ಟರಲ್ಲಿ ಅವನ ಮುಖ ಬದಲಾಯಿತು. ನಳಿಗೆಯ ಬೊಟ್ಟನ್ನು ಬೆರಳಲ್ಲಿ ಮೆಲ್ಲಗೆ ಸವರಿದ.

“ಗುರು, ಇದೆಂಥಾ ಕಪ್ಪೋ! ಒಂಚೂರೂ ಮಿಂಚಿಲ್ಲ. ಏನ್ ಹಾಕ್ದೆ ಇದಕ್ಕೆ? ಇದನ್ನೇ ಚೈನಿಗೂ ಹಾಕೋಕೇನಾಗಿತ್ತು ನಿಂಗೆ?”

“ಅತ್ತೇನ ಕೇಳ್ಬೇಕು” ಎಂದೆ.

ರಂಗ ಅರ್ಥವಾದವನಂತೆ ಗಂಭೀರವಾಗಿ ತಲೆಯಾಡಿಸಿ, ಯೋಚಿಸುತ್ತ ಕೆನ್ನೆ ಕೆರೆದುಕೊಂಡು, ಮುಂದಿನ ಮೇಜಿನ ವಿಮಾನದ ಮೇಲೆ ತೀರ್ಪು ಕೊಡಲು ಹೋದ. ಅವನು ಬಗ್ಗಿದಲ್ಲೆಲ್ಲ ಜನ ನಗತೊಡಗಿದರು. ತನ್ನ ಹಾಸ್ಯಪ್ರಜ್ಞೆ ಈ ವರ್ಷ ಒಳ್ಳೆಯ ಹದದಲ್ಲಿದೆ ಎಂದುಕೊಂಡು ಅವನೂ ಜೊತೆಗೇ ನಕ್ಕ. ನಾನು ಅಷ್ಟೆಲ್ಲ ಯೋಚಿಸಿಟ್ಟಿದ್ದರಲ್ಲಿ ರಂಗನ ಎಡಗೆನ್ನೆ ಬಂದಿರಲೇ ಇಲ್ಲ. ಕೊನೆಗೂ ಕಪ್ಪಾಗಿದ್ದು ಅದೊಂದೇ. ನಾನು ಹೇಳಹೋಗಲಿಲ್ಲ. ಅವನಿಗೂ ದೃಷ್ಟಿ ತಾಗದಿರಲಿ.