ಪಶ್ಚಿಮಕ್ಕೆ ತಿರುಗಿದ ಚಿಪ್ಪು

ಹಿಂಡಲಗಾದ ಹೊಸ ಮನೆಯಲ್ಲಿ ಗಂಟು ಬಿಚ್ಚುವಾಗ ಒಂದು ಸ್ಟೀಲ್ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದರೆ ಒಣಗಿದ ಗದ್ದೆ ಕೆಸರಿನ ವಾಸನೆ, ಒಳಗೆ ಬಸವನಹುಳುವಿನ ಖಾಲಿ ಚಿಪ್ಪುಗಳು. ಉಳಿದ ಗಂಟುಗಳನ್ನು ಅಲ್ಲೇ ಬಿಟ್ಟು ಹಳೆಯ ಗಾಜಿನ ತೊಟ್ಟಿ ತೊಳೆಯಲು ಎದ್ದೆ. ಯಾವ ಮೀನು ತರಬೇಕೆಂಬ ಚಿಂತೆಯೇ ಇರಲಿಲ್ಲ. ಅದನ್ನು ಎಂದೋ ನಮ್ಮ ಕಾಕು ತೀರ್ಮಾನಿಸಿಯಾಗಿತ್ತು...

ಕಾಕು ಎಂದರೆ ಬೆಳಗಾವಿಯ ರಾಮತೀರ್ಥ ನಗರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಒಡತಿ. ನಾವು ಮೇಲೆ, ಅವರು ಕೆಳಗೆ. ಕೊರಳಲ್ಲಿ ಲಿಂಗ, ಬಾಯಲ್ಲಿ ಗದರಿಕೆ, ಕೈಯಲ್ಲಿ ಯಾರಿಗಾದರೂ ಕೊಡಲು ಒಂದು ರೊಟ್ಟಿ. ಅವರಿಗಿದ್ದ ಒಂದೇ ಕೊರಗು ಮನೆಯ ಬಾಗಿಲು. ಸಿಕ್ಕ ಸೈಟು ಪಶ್ಚಿಮಕ್ಕೆ ಮುಖ ಮಾಡಿತ್ತು. ಹಾಲು ಒಡೆದರೂ, ಮಿಕ್ಸರ್ ಸುಟ್ಟರೂ ತಪ್ಪು ಬಾಗಿಲಿನದೇ.

ನನಗೆ ಆಗ ಸಿಕ್ಲಿಡ್ ಮೀನಿನ ಹುಚ್ಚು. ಸಾಕಿದವರ ಗುರುತು ಹಿಡಿಯುವ, ಮರಿಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವ ಜಾತಿ; ಆದರೆ ಮಹಾ ಜಗಳಗಂಟಿ. ಕಾಕು ಒಂದೇ ಷರತ್ತು ಹಾಕಿದರು.

“ತಗೊಂಡ್ ಬಾ, ಬ್ಯಾಡ ಅನ್ನಂಗಿಲ್ಲ. ಆದ್ರ ಒಂದನ್ನೊಂದು ಕಡದು ಸತ್ವು ಅಂದ್ರ ತೊಟ್ಟಿ ಈ ಮನ್ಯಾಗ ಇರಂಗಿಲ್ಲ, ನೋಡವಾ.”

ಆರಿಸಲು ತಾವೂ ಬಂದರು. ಕ್ಯಾಂಪ್ ಪ್ರದೇಶದ ಮೀನಿನ ಅಂಗಡಿಯಲ್ಲಿ ನೆತ್ತಿಯ ಮೇಲೆ ಗುಬುಟು ಹೊತ್ತ ಫ್ಲವರ್‌ಹಾರ್ನ್ ಮೀನು ಕಂಡದ್ದೇ, “ಇದರ ತಲಿಗೆ ಯಾರ್ ಪಟಗಾ ಸುತ್ಯಾರ?” ಎಂದರು. ಅದು ಜೊತೆಗೆ ಯಾರನ್ನೂ ಬಾಳಗೊಡುವುದಿಲ್ಲ ಎಂದು ಅಂಗಡಿಯವನು ಹೇಳಿದ ಕೂಡಲೇ ಅದು ರದ್ದು. ನಾನು ಬೆರಳು ತೋರಿಸಿದ ಅರಿಸಿನ ಬಣ್ಣದ ಆಫ್ರಿಕಾ ಮೀನಿಗೆ ನನ್ನ ಎರಡಡಿ ತೊಟ್ಟಿ ಸಾಲದಂತೆ. ಕೊನೆಗೆ ಅವನು ಮೂಲೆಯ ತೊಟ್ಟಿಯೊಂದನ್ನು ತೋರಿಸಿದ. ಬೆರಳಿನಷ್ಟೂ ಇಲ್ಲದ ಪಟ್ಟೆಪಟ್ಟೆ ಮೀನುಗಳು, ಒಂದೊಂದಕ್ಕೂ ಒಂದೊಂದು ಚಿಪ್ಪು. ನಾವು ಬಗ್ಗಿದ್ದೇ ತಡ, ಎಲ್ಲವೂ ಸುಯ್ಯೆಂದು ಒಳಗೆ!

“ಚಿಪ್ಪು ಭಾಳ ಇಟ್ರ ಜಗಳಿಲ್ಲ ಮಾವಶಿ. ಖರೇ, ನೀರು ಗಡಸು ಇರಬೇಕು,” ಎಂದ ಅಂಗಡಿಯವನು.

ಕಾಕು ನಕ್ಕ ನಗೆಗೆ ಅಂಗಡಿಯೇ ತಿರುಗಿ ನೋಡಿತು. “ನಮ್ಮ ಬೋರಿನ ನೀರಾಗ ಬ್ಯಾಳಿ ಬೇಯಂಗಿಲ್ಲೋ ತಮ್ಮಾ! ಇದಕ್ಕಿಂತ ಗಡಸು ಎಲ್ಲಿಂದ ತರೋಣು?”

ಚಿಪ್ಪಿಗಾಗಿ ಮರುದಿನವೇ ಖಾನಾಪುರದ ಕಡೆ ಹೊರಟೆವು, ಪಾರಿಶ್ವಾಡದ ಅವರ ತವರಿಗೆ. ಕೊಯ್ಲಾದ ಗದ್ದೆಯಲ್ಲಿ ಸೆರಗು ಕಟ್ಟಿ ಚಿಪ್ಪು ಹೆಕ್ಕುತ್ತಿದ್ದ ಅಕ್ಕನನ್ನು ಕಂಡು ಕಾಕುವಿನ ತಮ್ಮ ಬದುವಿನ ಮೇಲೇ ನಿಂತುಬಿಟ್ಟ.

“ಯಕ್ಕಾ, ಬೆಳಗಾವಿಗೆ ಹೋಗಿ ಇದನ್ನೂ ತಿನ್ನಾಕ ಹತ್ತಿಯೇನ?”

“ಹುಚ್ಚಪ್ಪಾ, ಮೀನಿಗೆ ಮನಿ ಕಟ್ಟಾಕ ಹತ್ತೀನೋ!”

ಬಸ್ಸಿನಲ್ಲಿ ಮರಳುವಾಗ ಇಬ್ಬರ ಮಡಿಲೂ ಕೆಸರು. ದಾರಿಯುದ್ದಕ್ಕೂ ನಕ್ಕಿದ್ದೇ ನಕ್ಕಿದ್ದು.

ನೀರಿನ ಭಾರ ಮೇಲಿನ ಮನೆಗೆ ಬೇಡವೆಂದು ತೊಟ್ಟಿಯನ್ನು ಕಾಕು ತಮ್ಮ ಪಡಸಾಲೆಯಲ್ಲೇ ಇಡಿಸಿಕೊಂಡರು. ನೆಪ ಅಷ್ಟೇ, ಆಸೆ ಅವರದೇ. ಮರಳು ಹಾಸಿ, ಚಿಪ್ಪುಗಳನ್ನು ಸಾಲಾಗಿ ಜೋಡಿಸಿ, ಎಲ್ಲದರ ಬಾಯಿಯನ್ನೂ ಪೂರ್ವಕ್ಕೆ ತಿರುಗಿಸಿದರು. “ನಮ್ಮ ಬಾಗಲಾ ಅಂತೂ ಹಂಗಾತು. ಇವುಗಳದಾದ್ರೂ ಸರಿ ಇರ್ಲಿ!”

ಮೀನುಗಳು ವಾಸ್ತು ಕೇಳುತ್ತವೆಯೇ? ರಾತ್ರಿ ಕಳೆಯುವುದರೊಳಗೆ ಮರಳು ತೋಡಿ ತಮತಮಗೆ ಬೇಕಾದ ಕಡೆ ಬಾಗಿಲು ಮಾಡಿಕೊಂಡವು. ಕಾಕು ಕೈ ಹಾಕಿ ಮತ್ತೆ ಪೂರ್ವಕ್ಕೆ ತಿರುಗಿಸಿದರು. ಅವು ಮತ್ತೆ ತೋಡಿದವು. ಹೀಗೇ ನಡೆಯುತ್ತ, ಮನೆಯ ಗುರುತು ತಪ್ಪಿದ ಮೀನುಗಳು ಒಂದರ ಚಿಪ್ಪಿಗೆ ಇನ್ನೊಂದು ನುಗ್ಗಿ ಕಚ್ಚಾಡತೊಡಗಿದವು. ಒಂದರ ಬಾಲ ಹರಿಯಿತು. ಅದು ಮೂಲೆಯಲ್ಲಿ ಬಣ್ಣಗೆಟ್ಟು ನಿಂತಿತು. ಸತ್ತರೆ ತೊಟ್ಟಿ ಹೊರಗೆ. ನನಗೆ ಅನ್ನ ಸೇರಲಿಲ್ಲ.

“ಕಾಕೂ, ನಿಮ್ಮ ಕಾಲ ಬೀಳ್ತೀನ್ರಿ, ಕೈ ಹಚ್ಚಬ್ಯಾಡ್ರಿ,” ಎಂದೆ.

ಅವರು ಮುಖ ಊದಿಸಿಕೊಂಡು ಸೆರಗಿಗೆ ಕೈ ಒರೆಸಿದರು. ಆದರೆ ಮತ್ತೆ ಮುಟ್ಟಲಿಲ್ಲ. ಹರಿದ ಬಾಲದ ಮೀನು ಮೆಲ್ಲಗೆ ಚೇತರಿಸಿಕೊಂಡು ತನ್ನ ಚಿಪ್ಪನ್ನು ನೇರ ಪಶ್ಚಿಮಕ್ಕೆ ತಿರುಗಿಸಿಕೊಂಡಿತು.

ಎಷ್ಟೋ ದಿನಗಳ ಮೇಲೆ ಒಂದು ಸಂಜೆ ಕೆಳಗಿನಿಂದ ಕಾಕು ಕೂಗಿದ ಕೂಗಿಗೆ ಚಪ್ಪಲಿ ಇಲ್ಲದೆ ಮೆಟ್ಟಿಲಿಳಿದೆ. ತೆರೆದ ಬಾಗಿಲಿನಿಂದ ಇಳಿಬಿಸಿಲು ನೇರ ತೊಟ್ಟಿಗೆ ಬಿದ್ದಿತ್ತು. ಆ ಬೆಳಕಿನಲ್ಲಿ, ಪಶ್ಚಿಮದ ಚಿಪ್ಪಿನ ಬಾಯಲ್ಲಿ, ಎಳ್ಳಿನಷ್ಟು ಪುಟ್ಟ ಮರಿಗಳು! ಬೇರೆ ಹೊತ್ತಿನಲ್ಲಾಗಿದ್ದರೆ ಕಣ್ಣಿಗೇ ಬೀಳುತ್ತಿರಲಿಲ್ಲ. ಇಬ್ಬರೂ ನೆಲದ ಮೇಲೆ ಕೂತು ಉಸಿರು ಬಿಗಿಹಿಡಿದು ನೋಡಿದೆವು. ಕಾಕು ಒಮ್ಮೆ ಮರಿಗಳನ್ನು, ಒಮ್ಮೆ ತಮ್ಮ ಬಾಗಿಲನ್ನು ನೋಡಿದರು.

“ನಮ್ಮ ಬಾಗಲಾ ಏನ್ ಕೆಟ್ಟಿಲ್ಲ ಬಿಡವಾ,” ಎಂದರು.

ಆಮೇಲೆ ಅವರ ಬಾಯಲ್ಲಿ ಬಾಗಿಲಿನ ದೂರು ಬರಲಿಲ್ಲ. ನಾವು ಬೇರೆಡೆಗೆ ಹೋದೆವು, ಕಾಕು ತೀರಿಕೊಂಡರು, ಮನೆ ಬೇರೆಯವರದಾಯಿತು...

ಮೊನ್ನೆ ಅದೇ ಜಾತಿಯ ಮೀನು ಕೊಂಡು, ಪೊಟ್ಟಣ ಹಿಡಿದೇ ಆ ಹಳೆಯ ಮನೆಯ ಬೀದಿಗೆ ಹೋದೆ. ಹೊಸಬರು ಪಶ್ಚಿಮದ ಬಾಗಿಲು ಮುಚ್ಚಿ, ಪಕ್ಕದ ಸಂದಿಯಿಂದ ಸುತ್ತಿ ಹೋಗುವಂತೆ ಪೂರ್ವಕ್ಕೆ ಬಾಗಿಲು ಒಡೆಸಿದ್ದಾರೆ. ಕಾಕು ನಿಂತಿರುತ್ತಿದ್ದ ಜಾಗದಲ್ಲಿ ಸುಣ್ಣ ಬಳಿದ ಗೋಡೆ. ದುಃಖ ಉಕ್ಕಿ ಬಂತು.

ಮನೆಗೆ ಬಂದು ಪಾರಿಶ್ವಾಡದ ಚಿಪ್ಪುಗಳನ್ನು ತೊಳೆದು, ಕಾಕು ಇಟ್ಟಂತೆಯೇ ಎಲ್ಲವನ್ನೂ ಪೂರ್ವಕ್ಕೆ ಇಟ್ಟೆ. ಬೆಳಿಗ್ಗೆ ನೋಡಿದರೆ ಒಂದು ಮೀನು ಆಗಲೇ ಪಶ್ಚಿಮಕ್ಕೆ ಬಾಗಿಲು ಮಾಡಿಕೊಂಡು ಕೂತಿತ್ತು. “ಕಾಕೂ!” ಎಂದು ಕೂಗಿಯೇಬಿಟ್ಟೆ. ಕೂಗು ಕೆಳಗಿಳಿದು ಅವರಿಗೆ ತಲುಪಲು ಈ ಮನೆಗೆ ಮೆಟ್ಟಿಲೇ ಇಲ್ಲ.