ಹವಳದ ದಿಬ್ಬಕ್ಕೆ ಬೇಲಿ

ವಾದದಲ್ಲಿ ಸೋತು ನನಗೆ ಅಭ್ಯಾಸವಿಲ್ಲ. ಹೀಗಾಗಿ ಕಾಲೇಜಿನ ಕೊನೆಯ ವರ್ಷ, ಚರ್ಚಾಸ್ಪರ್ಧೆಯ ಆಯ್ಕೆ ಸುತ್ತಿಗೆ ‘ಹವಳದ ದಿಬ್ಬಗಳನ್ನು ಕಾಯ್ದಿಡಬೇಕು’ ಎಂಬ ವಿಷಯ ಬಂದಾಗ, ಸಮುದ್ರವನ್ನೇ ನೋಡದ ನಾನು ಹೆದರಲಿಲ್ಲ. ಗೆದ್ದವರು ರಾಜ್ಯಮಟ್ಟಕ್ಕೆ, ಸೋತರೆ ನನಗೆ ಇನ್ನೊಂದು ವರ್ಷವಿರಲಿಲ್ಲ.

ಹಿಂದಿನ ದಿನ ಬಮ್ಮಿಗಟ್ಟಿಯ ಹೊಲದಲ್ಲಿ, ಕುರಿ ಮೇಯಿಸುತ್ತಿದ್ದ ಕಾಕಾನ ಮುಂದೆ, ಮೇಲೆಮೇಲೆ ಓದಿದ್ದ ಲೇಖನದ ಹಾಳೆಗಳನ್ನು ಕೈಯಲ್ಲಿ ಹಿಡಿದು, ಭಾಷಣ ಒಪ್ಪಿಸಿದೆ: ಮೀನುಗಳು ಕಡಲಪಾಚಿಯನ್ನು ಮೇಯುತ್ತವೆ. ರಕ್ಷಣೆ ಕೊಟ್ಟರೆ ಮೇಯುವುದು ನಿಲ್ಲುತ್ತದೆ. ಪಾಚಿ ಹುಲುಸಾಗಿ ಬೆಳೆದು ದಿಬ್ಬ ಹಸಿರಾಗುತ್ತದೆ. ನಮ್ಮ ಕಡೆ ‘ಕಾಯ್ದಿಟ್ಟ ಜಾಗ’ ಎಂದರೆ ಬೇಲಿ ಹಾಕಿ ದನ ಕುರಿ ಹೊರಗಿಟ್ಟ ಜಾಗ. ಬೇರೆ ಅರ್ಥವಿರಬಹುದೆಂದು ನನಗೆ ಹೊಳೆಯಲೇ ಇಲ್ಲ.

“ಹವಳಂದ್ರ ಉಂಗುರಕ್ಕ ಹಾಕ್ತಾರಲ್ಲ, ಅದೇ ಏನು?” ಎಂದ ಕಾಕಾ.

“ಅದರ ಬಳಗದ್ದು ಕಾಕಾ. ಸಮುದ್ರದಾಗ ಇದಕ್ಕ ಜೀವ ಇರ್ತೈತಿ. ಕಲ್ಲಿಗೆ ಅಂಟ್ಕೊಂಡು ಬೆಳೀತೈತಿ. ಬಿಸಲು ಬೇಕು ಅದಕ್ಕ.”

“ಪಾಚಿ ಮುಚ್ಚಿಕೊಂಡ್ರ ಬಿಸಲು ಎಲ್ಲಿಂದ ಬರ್ತದವಾ? ಅಡವಿ ಬಾಜು ಬೇಲಿ ಹಾಕ್ಯಾರಲ್ಲ, ಒಳಗ ಇಣುಕಿ ನೋಡೀಯೇನು? ಎದಿಮಟ ಹುಲ್ಲು. ಹಚ್ಚಿದ ಸಸಿ ಒಂದೂ ಕಾಣವಲ್ದು.”

“ನೀ ಕುರಿ ಮಾಲಕ. ನಿನ್ನ ಸಾಕ್ಷಿ ನಡಿಯೂದಿಲ್ಲ.”

“ಹಂಗಾರ ನಿನ್ನ ಹಾಳೀನೇ ಓದು. ಅಲ್ಲಿ ಬೇಲಿ ಮೀನಿಗೋ, ಮೀನ ಹಿಡಿಯಾವ್ರಿಗೋ? ಬಾಯಿ ಆಮ್ಯಾಲ ಜೋರ್ ಮಾಡುವಂತಿ.”

ಓದಿದೆ. ಹೊರಗಿಟ್ಟಿದ್ದು ಬಲೆಗಳನ್ನು. ಮೀನು ಒಳಗೇ ಇದ್ದು, ಪಾಚಿ ಮೇಯ್ದು, ಎಳೆಯ ಹವಳ ಕೂರಲು ಜಾಗ ಬಿಡಿಸಿಕೊಡುತ್ತದೆ. ನನ್ನ ಇಡೀ ವಾದ ತಲೆಕೆಳಗಾಗಿ ನಿಂತಿತ್ತು.

ನನ್ನ ಮುಖ ನೋಡಿಯೂ ಕಾಕಾ ನಗಲಿಲ್ಲ. ಆ ಉಪಕಾರವನ್ನು ನಾನು ಮರೆತಿಲ್ಲ. “ಬರೇ ಕುರಿ ಬಿಟ್ರೂ ಆಗೂದಿಲ್ಲ ಮತ್ತ,” ಎಂದ. “ಕುರಿ ಒಲ್ಲೆ ಅಂದಿದ್ದನ್ನ ಆಡು ತಿಂತಾವು. ಗೊಬ್ಬರದ ನೀರು ಹರಿದು ಬರೂ ಕಡೆ ಎಷ್ಟು ಮೇಯಿಸಿದ್ರೂ ಕಳೆ ಏಳ್ತೈತಿ. ಸಮುದ್ರದಾಗ ಹೆಂಗೋ, ಹುಡುಕು.”

ಹುಡುಕಿದೆ. ಅಲ್ಲಿಯೂ ಹೆಚ್ಚುಕಡಿಮೆ ಹಾಗೇ ಇತ್ತು. ಸಂಜೆಯೊಳಗೆ ಭಾಷಣ ಹೊಸದಾಗಿ ಬರೆದೆ.

ಮರುದಿನ ಕಲಘಟಗಿಯಲ್ಲಿ, ಆಯ್ಕೆ ಸುತ್ತಿನಲ್ಲಿ, ಎದುರಾಳಿ ಕೇಳಿದ: “ರಕ್ಷಣೆ ಕೊಟ್ಟ ಕಡೆಯೆಲ್ಲ ಪಾಚಿ ಕಡಿಮೆಯಾಗಿದೆಯೇ?”

“ಇಲ್ಲ,” ಎಂದೆ. ವೇದಿಕೆಯ ಮೇಲೆ ನಾನು ಒಪ್ಪಿಕೊಂಡ ಮೊದಲ ‘ಇಲ್ಲ’ ಅದು. “ಬೇರೆ ಬೇರೆ ಪಾಚಿಗೆ ಬೇರೆ ಬೇರೆ ಮೀನು ಬೇಕು, ಅವಕ್ಕೆ ಅಡಗಲು ಸಂದಿಗೊಂದಿ ಬೇಕು, ದಡದಿಂದ ಕೊಳೆ ನೀರು ಬರಬಾರದು. ಬಲೆ ತಡೆದರೆ ಕೆಲಸ ಶುರುವಾದಂತೆ, ಮುಗಿದಂತಲ್ಲ.” ಆತ ತನ್ನ ಚೀಟಿ ತಿರುವಿಹಾಕಿ ಕುಳಿತುಬಿಟ್ಟ.

ಆಯ್ಕೆಯಾದೆ. ಕಾಕಾನಿಗೆ ಫೋನ್ ಮಾಡಿ, “ನಿನ್ನಿಂದ ಗೆದ್ನಿ,” ಎಂದೆ.

“ಅದಿರಲಿ. ಆ ಮೀನಿನ ಹಲ್ಲು ಹೆಂಗದಾವು?”

“ಒಂದು ಜಾತಿದ್ದು ಗಿಳಿ ಕೊಕ್ಕಿನಂಗ.”

“ಭಾಳ ಛಲೋ. ನಮ್ಮ ಕುರಿಗೆ ಮುಂದಿನ ಮ್ಯಾಲಿನ ಹಲ್ಲೇ ಇಲ್ಲ.”

ಸುಳ್ಳು ಎನ್ನಲು ಬಾಯಿ ತೆರೆದವಳು, “ಬಂದು ನೋಡ್ತೀನಿ,” ಎಂದೆ. ಭಾನುವಾರ ಬಮ್ಮಿಗಟ್ಟಿಗೆ ಹೋದೆ. ಕಾಕಾ ಒಂದು ಕುರಿಯನ್ನು ಹಿಡಿದು ನಿಲ್ಲಿಸಿ, ತುಟಿ ಎತ್ತಿ ತೋರಿಸಿದ. ಮುಂದೆ, ಮೇಲ್ಗಡೆ ಬರೀ ವಸಡು.