ಕರಿ ಮೋಡೆಮ್, ಬಿಳಿ ಮೋಡೆಮ್

ಅವನಿಗೆ ಆಫೀಸಿನಲ್ಲಿ ಒರೆಗಲ್ಲು ಅಂತ ಅಡ್ಡಹೆಸರು. ಟೀ ಬಿಸಿಯಿದೆ ಅಂದರೂ ಬೆರಳಿಟ್ಟು ನೋಡುವವನು. ಫೋನ್ ತಂತಿಯ ಮೇಲೆ ಇಂಟರ್ನೆಟ್ ಕೊಡುವ ಆಫೀಸು ಅದು. ಆಗ ಎರಡು ಕಂಪನಿಯ ಮೋಡೆಮ್ ಬಂದಿದ್ದವು. ಒಂದು ಕರಿ, ಒಂದು ಬಿಳಿ. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು. ಆಫೀಸಿನಲ್ಲಿರುವುದೇ ಮನೆಯಲ್ಲೂ ಇದ್ದರೆ ಮಾತ್ರ ಪೂರ್ತಿ ವೇಗ. ಯಾವುದು ಒಳ್ಳೆಯದು ಅಂತ ಹೇಳುವ ಕೆಲಸ ಅವನ ತಲೆಗೆ ಬಿತ್ತು. ನೀನು ಹೇಳಿದ್ದೇ ತರಿಸುತ್ತೇವೆ, ತಪ್ಪಿದರೆ ನಿನ್ನ ಕುತ್ತಿಗೆಗೆ ಅಂದರು ಮ್ಯಾನೇಜರು.

ಆಫೀಸಿನ ತಂತಿ ಹೊಸದು, ಜನರ ಮನೆ ತಂತಿ ಹಾಗಿರಲ್ಲ ಅಂತ ಎರಡರಲ್ಲೂ ಒಂದೊಂದು ಆಫೀಸಿನಲ್ಲಿಟ್ಟು, ಒಂದೊಂದು ಮನೆಗೇ ತಂದ. ಹತ್ತು ದಿನ, ಬೆಳಿಗ್ಗೆ ಕರಿಯದು, ಸಂಜೆ ನಾಲ್ಕಕ್ಕೆ ಬಿಳಿಯದು. ಒಂದೇ ಫೈಲು ಇಳಿಸುವುದು, ಗಡಿಯಾರ ನೋಡುವುದು, ನೋಟ್‌ಬುಕ್ಕಿನಲ್ಲಿ ಬರೆಯುವುದು. ಆ ಹೊತ್ತಲ್ಲಿ ಅದೇ ಲೈನಿನ ಅಡುಗೆಮನೆ ಫೋನು ಮುಟ್ಟಬೇಡ ಅಂತ ಹೆಂಡತಿಗೆ ಹೇಳಿದ್ದ.

ಅವಳು ಮುಟ್ಟಿದಳು. ತಂಗಿ ಹೆರಿಗೆಗೆ ಸೇರಿದ್ದಳು. ಆಸ್ಪತ್ರೆಯಲ್ಲಿ ನಾಲ್ಕರ ಮೇಲೆ ಮಾತ್ರ ವಿಷಯ ಹೇಳುತ್ತಿದ್ದರು. ಮೂರು ಸಲ ಎತ್ತಿದಳು. ಕಿರ್ರೋ ಅಂದಿತು, ಕೈ ಸುಟ್ಟವಳ ಹಾಗೆ ಇಟ್ಟಳು. ಒಂದು ಗಳಿಗೆಗೆ ಏನಾಗುತ್ತೆ ಅಂದುಕೊಂಡಳು. ಒಳಕೋಣೆಯಲ್ಲಿ ಮೋಡೆಮ್ಮಿನ ಲೈನು ಕಡಿದಿತ್ತು.

"ಬಿಳಿಯದೇ ಜೋರು ಕಣೇ," ಅಂದ ಹತ್ತನೇ ರಾತ್ರಿ ಊಟಕ್ಕೆ ಕೂತು. "ಆದರೆ ಓಡೋ ಕುದುರೆ ನಡುದಾರೀಲಿ ಮಲಗಿದರೆ ಏನು ಮಾಡೋದು? ಮೂರು ಸಲ ಮಲಗಿತು."

ಬಡಿಸುತ್ತಿದ್ದವಳಿಗೆ ಆಗ ಗೊತ್ತಾಯಿತು. ನಾಳೆ ಹೇಳೋಣ ಅಂದುಕೊಂಡಳು. ಮಾರನೇ ದಿನ ಅವನು ಕರಿಯದೇ ಸರಿ ಅಂತ ಬರೆದುಕೊಟ್ಟಾಗಿತ್ತು.

ಆಫೀಸಿನ ತುಂಬ ಕರಿಯದು ಬಂತು. ಜೋರು ಅಂತ ಊರಿನವರು ಕೊಂಡದ್ದು ಬಿಳಿಯದು. ಎತ್ತು ಏರಿಗೆ, ಕೋಣ ನೀರಿಗೆ. ದಿನವೂ ಬೈಗುಳ. ಅವನನ್ನು ಉಗ್ರಾಣಕ್ಕೆ ಹಾಕಿದರು, ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವುದಕ್ಕೆ. ಒರೆಗಲ್ಲು ಸವೆದುಹೋಯ್ತು ಅಂತ ಜೊತೆಯವರು ನಕ್ಕರು. ಅವನೂ ನಗುತ್ತಿದ್ದ. ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಲೈನು ಕಡಿದದ್ದನ್ನು ಬರೆದಿದ್ದ ಆ ಮೂರು ಸಾಲು ನೋಡುತ್ತಾ ಕೂರುತ್ತಿದ್ದ. ಆಮೇಲೆ ಮೋಡೆಮ್ಮೇ ಯಾರಿಗೂ ಬೇಡವಾಯಿತು. ಅವನು ನೋಟ್‌ಬುಕ್ ಬಿಡಲಿಲ್ಲ. ಹೇಳಲು ಹೋದಾಗೆಲ್ಲ ಅವಳು ಬೇರೆ ಮಾತು ತೆಗೆಯುತ್ತಿದ್ದಳು. ವರ್ಷ ಕಳೆದಷ್ಟೂ ಕಷ್ಟವಾಯಿತು.

ಎದೆನೋವು ಬಂದು ಮಲಗಿದಾಗ ಮತ್ತೆ ಕೇಳಿದ. "ಯಾಕೆ ಕಡೀತು? ನಾನೆಲ್ಲಿ ತಪ್ಪಿದೆ?"

"ನಿಮ್ಮದೇನೂ ತಪ್ಪಿಲ್ಲ ರೀ. ತಂತಿ ಹಳೇದಿತ್ತು."

"ಹಳೇ ತಂತಿ ಬೆಳಿಗ್ಗೆ ಯಾಕೆ ಕಡೀಲಿಲ್ಲ?"

ಅವಳು ಹೊದಿಕೆ ಸರಿಮಾಡಿದಳು. ಅವನು ಗೋಡೆ ಕಡೆ ತಿರುಗಿದ. ಮಾರನೇ ದಿನ ಹೋದ.

ಅತ್ತಿಗೆ, ಅಣ್ಣ ಆ ಮೋಡೆಮ್ ಕೊರಗಲ್ಲೇ ಹೋದ ಅಂತ ನಾದಿನಿ ತಬ್ಬಿಕೊಂಡು ಅತ್ತಳು. ಅವಳು ಹೂಂ ಅಂದಳು.